ಎಥನಾಲ್ ಪಕ್ಕಕ್ಕಿಟ್ಟು ವೈನ್ ಅಳೆದದ್ದು: ನನ್ನ ಅನುಭವ

ಮದ್ಯದ ಆವಿಗೆ ಗ್ಯಾಸ್ ಸೆನ್ಸರ್ ಒಡ್ಡಿದರೆ ಅದಕ್ಕೆ ಮೊದಲು ಸಿಗುವುದು ಎಥನಾಲ್, ಅಂದರೆ ಮದ್ಯದಲ್ಲಿರುವ ಆಲ್ಕೋಹಾಲ್. ವಿಸ್ಕಿಯಲ್ಲಿ ಅದು ಸುಮಾರು ಶೇ 40, ವೈನ್‌ನಲ್ಲಿ ಶೇ 12ರ ಆಸುಪಾಸು. ಪರಿಮಳ ಕೊಡುವ ಎಸ್ಟರ್‌ಗಳು ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿರುತ್ತವೆ. ಸುಮ್ನೆ ಮುಚ್ಚಳ ತೆಗೆದು ಅಳೆದರೆ ಯಾವುದು ಹೆಚ್ಚು ಸ್ಟ್ರಾಂಗ್ ಅನ್ನುವುದಷ್ಟೇ ಗೊತ್ತಾಗುತ್ತದೆ. ನನಗೆ ಬೇಕಿದ್ದದ್ದು ಉಳಿದ ವ್ಯತ್ಯಾಸ.

ಹಾಗಾಗಿ ಪ್ರತಿ ವೈನ್‌ನ ಆಲ್ಕೋಹಾಲ್ ಪ್ರಮಾಣವನ್ನು ಮೊದಲೇ ಬೇರೆಯಾಗಿ ಅಳೆದೆ. ನೀರು ಸೇರಿಸಿ ಎಲ್ಲವನ್ನೂ ಶೇ 5ಕ್ಕೆ ಇಳಿಸಿದೆ. ಜೊತೆಗೆ ಬರೀ ಎಥನಾಲ್ ಮತ್ತು ನೀರಿನ ಶೇ 5ರ ಮಿಶ್ರಣ ಒಂದನ್ನು ಇಟ್ಟುಕೊಂಡೆ. ಪ್ರತಿ ರೀಡಿಂಗನ್ನೂ ಇದರ ಜೊತೆ ಹೋಲಿಸುವುದು. ಇಡೀ ಕೆಲಸದಲ್ಲಿ ನನಗೆ ಅತಿ ಮುಖ್ಯ ಅನಿಸಿದ್ದು ಈ ಮಿಶ್ರಣವೇ.

ನಾನು ಬಳಸಿದ್ದು ಟಿನ್ ಆಕ್ಸೈಡ್ ಸೆನ್ಸರ್‌ಗಳು. ಒಳಗಿನ ಹೀಟರ್ ಅವನ್ನು ಕೆಲವು ನೂರು ಡಿಗ್ರಿ ಬಿಸಿ ಇಡುತ್ತದೆ. ಗಾಳಿಯ ಆಮ್ಲಜನಕ ಮೇಲ್ಮೈಗೆ ಅಂಟಿ ಎಲೆಕ್ಟ್ರಾನ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಲ್ಕೋಹಾಲ್ ಆವಿ ಬಂದು ಆ ಆಮ್ಲಜನಕದ ಜೊತೆ ವರ್ತಿಸಿದಾಗ ಎಲೆಕ್ಟ್ರಾನ್‌ಗಳು ಬಿಡುಗಡೆಯಾಗಿ ಸೆನ್ಸರ್‌ನ ರೆಸಿಸ್ಟೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) ಇಳಿಯುತ್ತದೆ. ಒಂದೇ ಸೆನ್ಸರ್ ಯಾವ ಆವಿ ಅಂತ ಹೇಳಲಾರದು. ಬೇರೆ ಬೇರೆ ಲೇಪನದ ಕೆಲವನ್ನು ಒಟ್ಟಿಗೆ ಇಟ್ಟರೆ ಪ್ರತಿ ಪಾನೀಯಕ್ಕೂ ರೀಡಿಂಗ್‌ಗಳ ಅದರದೇ ಒಂದು ಪ್ಯಾಟರ್ನ್ ಮೂಡುತ್ತದೆ.

ಬಾಟಲಿಗಳನ್ನು ಮುಚ್ಚಿ, 30 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿಟ್ಟು, ಮೇಲಿನ ಜಾಗದಲ್ಲಿ ಆವಿ ನೆಲೆಗೊಂಡ ಮೇಲೆಯೇ ಅಳೆಯುತ್ತಿದ್ದೆ. ಬಿಸಿ ಸ್ವಲ್ಪ ಹೆಚ್ಚಾದರೂ ಆವಿ ಜಾಸ್ತಿ ಏಳುತ್ತದೆ, ಅಲ್ವಾ? ಗಾಳಿಯ ತೇವವೂ ರೀಡಿಂಗ್ ಬದಲಿಸುತ್ತದೆ. ಅದಕ್ಕೇ ಪ್ರತಿ ಮಾದರಿಯ ನಡುವೆ ಒಣ ಗಾಳಿ ಹಾಯಿಸಿ ಸೆನ್ಸರ್ ಮೊದಲಿನ ಮಟ್ಟಕ್ಕೆ ಮರಳುವ ತನಕ ಕಾಯುತ್ತಿದ್ದೆ.

ತೆರೆದಿಟ್ಟ ವೈನ್ ಹುಳಿಯಾಗುತ್ತಾ ಹೋದಂತೆ ಅದರ ಪ್ಯಾಟರ್ನ್ ಹೊಸ ವೈನ್‌ನದರಿಂದ ದೂರ ಸರಿಯುವುದು ಗ್ರಾಫ್‌ನಲ್ಲಿ ಕಂಡಿತು. ತುಂಬಾ ಖುಷಿಯಾಯಿತು. ಬ್ಯಾಕ್ಟೀರಿಯಾ ಎಥನಾಲನ್ನು ಅಸಿಟಿಕ್ ಆಮ್ಲ ಮಾಡುತ್ತವೆ. ಜೊತೆಗೆ ಈಥೈಲ್ ಅಸಿಟೇಟ್ ಕೂಡ ಹುಟ್ಟುತ್ತದೆ. ಅದು ಬೇಗ ಆವಿಯಾಗುವ ವಸ್ತು, ಸೆನ್ಸರ್‌ಗೆ ಸುಲಭವಾಗಿ ಸಿಗುತ್ತದೆ.

ವಿಷಕಾರಿ ಆಲ್ಕೋಹಾಲ್ ಆದ ಮೆಥನಾಲ್ ಮಾತ್ರ ಬೇರೆ ಕಥೆ. ಈ ಸೆನ್ಸರ್‌ಗಳಿಗೆ ಅದು ಎಥನಾಲ್‌ನಂತೆಯೇ ಕಾಣುತ್ತದೆ. ಟೆನ್ಯಾಕ್ಸ್ ಎಂಬ ಹೀರುವ ಪುಡಿ ತುಂಬಿದ ಚಿಕ್ಕ ಕೊಳವೆಯ ಮೂಲಕ ಆವಿ ಹಾಯಿಸಿದರೆ ಮೆಥನಾಲ್ ಮೊದಲು ಹೊರಬರುತ್ತದೆ, ಎಥನಾಲ್ ತಡವಾಗಿ. ಬೇರ್ಪಡಿಸಲು ಇದು ಒಳ್ಳೆಯ ದಾರಿ. ಆದರೂ ಕುಡಿಯಲು ಸುರಕ್ಷಿತವೇ ಎಂಬ ಪ್ರಶ್ನೆ ಬಂದರೆ ನಾನು ನನ್ನ ಸೆನ್ಸರ್ ನಂಬಿ ಉತ್ತರ ಕೊಡುವುದಿಲ್ಲ. ಆ ಮಾದರಿ ನೇರವಾಗಿ ಗ್ಯಾಸ್ ಕ್ರೊಮಟೋಗ್ರಫಿ (ಆವಿಯಲ್ಲಿರುವ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ) ಪರೀಕ್ಷೆಗೆ ಹೋಗುತ್ತದೆ.