ಸಂಡೂರಿನ ಕಲ್ಲುಗಳನ್ನು ನಾನು ಗುರುತಿಸುವ ಬಗೆ

ಸಂಡೂರು ಬೆಟ್ಟಗಳಲ್ಲಿ ಕಲ್ಲು ಆರಿಸುವಾಗ ಬಣ್ಣವನ್ನು ನಾನು ಕೊನೆಗೆ ನೋಡುತ್ತೇನೆ. ಕೆಂಪು ಧೂಳು ಕೂತರೆ ಬೆಣಚುಕಲ್ಲೂ ಕಬ್ಬಿಣದ ಅದಿರಿನಂತೆಯೇ ಕಾಣುತ್ತದೆ. ಹಾಗಾಗಿ ಮೊದಲು ಸುತ್ತಿಗೆಯಿಂದ ಒಡೆದು ಹೊಸ ಮೈ ತೆಗೆದು, ತೊಳೆದು, ಪೂರಾ ಒಣಗಿಸುತ್ತೇನೆ. ಒಡೆಯುವಾಗ ಕಣ್ಣಿಗೆ ಕನ್ನಡಕ ಬೇಕೇ ಬೇಕು. ಬೆಣಚಿನ ಚಕ್ಕೆ ಗಾಜಿನ ಚೂರಿನಂತೆ ಹಾರುತ್ತದೆ.

ನಂತರ ಒರೆ, ಅಂದರೆ ಕಲ್ಲನ್ನು ಪಿಂಗಾಣಿಗೆ ಉಜ್ಜಿದಾಗ ಬೀಳುವ ಗೆರೆಯ ಬಣ್ಣ. ಹೊಳಪಿಲ್ಲದ ಬಿಳಿ ಪಿಂಗಾಣಿ ಸಾಕು. ಹಳೆಯ ಕಿಟ್‌ಕ್ಯಾಟ್ ಫ್ಯೂಸಿನ ಒಡೆದ ಅಂಚೂ ಆಗುತ್ತದೆ. ಕಬ್ಬಿಣದ ಅದಿರುಗಳಲ್ಲಿ ಹೆಮಟೈಟ್ ಹೊರಗೆ ಉಕ್ಕಿನಂತೆ ಮಿರುಗುತ್ತಿದ್ದರೂ ಒರೆ ಕೆಂಪು. ಗೋಯಥೈಟ್ ಹಳದಿ ಮಿಶ್ರಿತ ಕಂದು ಗೆರೆ ಎಳೆಯುತ್ತದೆ. ಗೆರೆ ಕಪ್ಪಾದರೆ ದಾರಕ್ಕೆ ಕಟ್ಟಿದ ಮ್ಯಾಗ್ನೆಟ್ ಹತ್ತಿರ ಹಿಡಿಯಿರಿ: ಜೋರಾಗಿ ಸೆಳೆದರೆ ಮ್ಯಾಗ್ನೆಟೈಟ್, ಸೆಳೆಯದೆ ಬೆರಳಿಗೆ ಮಸಿ ಹತ್ತಿದರೆ ಮ್ಯಾಂಗನೀಸ್ ಅದಿರು ಪೈರೊಲುಸೈಟ್ ಇರಬಹುದು. ಗೆರೆ ಕೆಂಪಾಗಿದ್ದೂ ಮ್ಯಾಗ್ನೆಟ್ ತುಸು ವಾಲಿದರೆ, ಮ್ಯಾಗ್ನೆಟೈಟ್ ಹೆಮಟೈಟ್ ಆಗಿ ಮಾರ್ಪಡುವಾಗ ಒಳಗೆ ಸ್ವಲ್ಪ ಉಳಿದುಕೊಂಡಿದೆ ಎಂದರ್ಥ. ಮ್ಯಾಗ್ನೆಟ್ಟಿಗೆ ಪ್ಲಾಸ್ಟಿಕ್ ಕವರ್ ಸುತ್ತಿ, ಇಲ್ಲದಿದ್ದರೆ ಹತ್ತಿದ ಪುಡಿ ಬಿಡುವುದಿಲ್ಲ. ಕೆಂಪು ಜಾಸ್ಪರ್ ಹಲವರಿಗೆ ಮೋಸ ಮಾಡುತ್ತದೆ; ಅದು ಬೆಣಚಿನದೇ ಒಂದು ಬಗೆ. ಅದರ ಗಡಸುತನ 10ರವರೆಗಿನ ಮೋಸ್ ಅಳತೆಯಲ್ಲಿ ಸುಮಾರು 7, ಪಿಂಗಾಣಿಯನ್ನೇ ಗೀರುತ್ತದೆ. ಆಗ ಕಾಣುವ ಬಿಳಿ ಪುಡಿ ಪಿಂಗಾಣಿಯದು.

ಪಟ್ಟೆಪಟ್ಟೆಯಾಗಿ ಹೆಮಟೈಟ್ ಮತ್ತು ಜಾಸ್ಪರ್ ಬೆರೆತ ಕಲ್ಲಿಗೆ ಒರೆ ಸಾಲದು, ತೂಕ ಬೇಕು. 1 ಗ್ರಾಂವರೆಗೆ ತೋರಿಸುವ ಅಡುಗೆಮನೆಯ ತಕ್ಕಡಿಯಲ್ಲಿ ಒಣಕಲ್ಲು ತೂಗಿ ಬರೆದುಕೊಳ್ಳಿ. ಆಮೇಲೆ ಕಲ್ಲು ಮುಳುಗಿದರೂ ಚೆಲ್ಲದಷ್ಟು ನೀರಿರುವ ಮಗ್ ಇಟ್ಟು ಅದರ ತೂಕವನ್ನೂ ಬರೆಯಿರಿ. ಸೊನ್ನೆ ಮಾಡುವ ಗುಂಡಿ ನಂಬಬೇಡಿ, ತಕ್ಕಡಿ ನಡುವೆ ತಾನೇ ಆಫ್ ಆದರೆ ಲೆಕ್ಕ ಹೋಯಿತು. ಈಗ ಕಲ್ಲನ್ನು ದಾರದಲ್ಲಿ ಇಳಿಬಿಟ್ಟು ಪೂರಾ ಮುಳುಗಿಸಿ. ತಳಕ್ಕಾಗಲಿ ಬದಿಗಾಗಲಿ ತಾಕಬಾರದು, ಗುಳ್ಳೆ ಅಂಟಿರಬಾರದು. ಹೆಚ್ಚಾದ ಗ್ರಾಂ ಎಷ್ಟೋ ಕಲ್ಲಿನ ಗಾತ್ರ ಅಷ್ಟು ಘನ ಸೆಂಟಿಮೀಟರ್. ಒಣತೂಕ 714 ಗ್ರಾಂ, ಹೆಚ್ಚಳ 200 ಎಂದಿಟ್ಟುಕೊಳ್ಳಿ: ಭಾಗಿಸಿದರೆ ಸಾಂದ್ರತೆ 3.57. ಶುದ್ಧ ಹೆಮಟೈಟ್ 5.26, ಬೆಣಚು 2.65. ಈ ಎರಡೇ ಇವೆ ಎಂದುಕೊಂಡರೆ ಹೆಮಟೈಟ್ ಗಾತ್ರದಲ್ಲಿ ಸುಮಾರು 35%, ತೂಕದಲ್ಲಿ 52%. ಹೆಮಟೈಟಿನಲ್ಲಿ ಕಬ್ಬಿಣ 70% ಇರುವುದರಿಂದ ಈ ಕಲ್ಲಿನಲ್ಲಿ ಕಬ್ಬಿಣ 36% ಆಸುಪಾಸು. ಗೋಯಥೈಟ್ ಬೆರೆತಿದ್ದರೆ ಈ ಲೆಕ್ಕ ಹಿಡಿಯುವುದಿಲ್ಲ.

ರಂಧ್ರವಿರುವ ಅದಿರಿನಲ್ಲಿ ತಕ್ಕಡಿಯ ಅಂಕಿ ಮೆಲ್ಲಗೆ ಇಳಿಯುತ್ತಾ ಹೋಗುತ್ತದೆ. ತಕ್ಕಡಿ ಕೆಟ್ಟಿಲ್ಲ, ಮಗ್ಗಿನ ನೀರು ಕಲ್ಲಿನೊಳಗೆ ಸೇರುತ್ತಿದೆ. ಇಳಿಯುವುದು ನಿಲ್ಲುವವರೆಗೆ ಅಲ್ಲೇ ತೂಗುಬಿಟ್ಟಿರಿ. ಅವಸರಕ್ಕೆ ಬೇರೆ ಬಕೆಟ್ಟಿನಲ್ಲಿ ನೆನೆಸಿ ತಂದರೆ, ಕಲ್ಲು ಹೊತ್ತು ತಂದ ನೀರೂ ಗಾತ್ರಕ್ಕೆ ಸೇರಿ ಸಾಂದ್ರತೆ ಕಡಿಮೆ ತೋರಿಸುತ್ತದೆ.

ರಾಯಚೂರು ಜಿಲ್ಲೆಯ ಹಟ್ಟಿ ಕಡೆಯ ಕಲ್ಲಿನಲ್ಲಿ ಹಳದಿ ಹೊಳಪು ಕಂಡರೆ ಸೂಜಿಯಿಂದ ಒತ್ತಿ ನೋಡಿ. ಚಿನ್ನ ಚಪ್ಪಟೆಯಾಗುತ್ತದೆ, ಚಿನ್ನದಂತೆ ಕಾಣುವ ಖನಿಜ ಪೈರೈಟ್ ಪುಡಿಯಾಗುತ್ತದೆ. ಪೈರೈಟಿನ ಒರೆ ಹಸಿರು ಛಾಯೆಯ ಕಪ್ಪು. ಅಲ್ಲೇ ಸಿಗುವ ಬೆಳ್ಳಿಬಣ್ಣದ ಆರ್ಸೆನೊಪೈರೈಟ್ ಸುತ್ತಿಗೆ ಏಟಿಗೆ ಬೆಳ್ಳುಳ್ಳಿ ವಾಸನೆ ಬಿಡುತ್ತದೆ. ಅದು ಆರ್ಸೆನಿಕ್, ಮೂಗಿಗೆ ಹಿಡಿದು ನೋಡುವ ವಸ್ತುವಲ್ಲ.

ಬಳ್ಳಾರಿ ಕೋಟೆಗುಡ್ಡದ, ಕೊಪ್ಪಳದ ಗ್ರಾನೈಟ್ ಸುಲಭ: ಬೆಣಚು ಮತ್ತು ಫೆಲ್ಡ್‌ಸ್ಪಾರ್ ಬರಿಗಣ್ಣಿಗೇ ಕಾಣುತ್ತವೆ, ಸಾಂದ್ರತೆ 2.7ರ ಹತ್ತಿರ. ಅದನ್ನು ಸೀಳಿ ಹಾದುಹೋಗುವ ಕರಿಕಲ್ಲು ಡಾಲರೈಟ್. ವ್ಯಾಪಾರದಲ್ಲಿ ಅದನ್ನು ಬ್ಲ್ಯಾಕ್ ಗ್ರಾನೈಟ್ ಎಂದರೂ ಅದು ಗ್ರಾನೈಟೇ ಅಲ್ಲ. ಹಟ್ಟಿಯ ಆಂಫಿಬೊಲೈಟ್ ಎಂಬ ಕಲ್ಲೂ ಕಪ್ಪೇ, ಎರಡರ ಸಾಂದ್ರತೆಯೂ 3ರ ಸುತ್ತಲೇ, ಅಲ್ಲಿ ತಕ್ಕಡಿಗೆ ಕೆಲಸವಿಲ್ಲ. 10 ಪಟ್ಟು ಲೆನ್ಸಿನಲ್ಲಿ ನೋಡಿ: ಸೂಜಿಯಂಥ ಹರಳುಗಳು ಒಂದೇ ದಿಕ್ಕಿಗೆ ಮಲಗಿದ್ದರೆ ಆಂಫಿಬೊಲೈಟ್, ಬೂದು ಕಡ್ಡಿಗಳು ದಿಕ್ಕಿಲ್ಲದೆ ಅಡ್ಡಾದಿಡ್ಡಿ ಹೆಣೆದುಕೊಂಡಿದ್ದರೆ ಡಾಲರೈಟ್.