ಸಿಜೇರಿಯನ್ ಆದ ಮೇಲಿನ ಸ್ಕ್ಯಾನ್: ನಾನು ಎರಡೂ ಪ್ರೋಬ್ ಹಿಡಿಯುವುದು ಯಾಕೆ

ದಾವಣಗೆರೆಯಲ್ಲಿ ನಾನು ಸ್ಕ್ಯಾನಿಂಗ್ ಮಾಡುವ ವೈದ್ಯೆ. ಪ್ರೋಬ್ ಅಂದರೆ ಹೊಟ್ಟೆಯ ಮೇಲೆ ಇಟ್ಟು ನೋಡುವ ಸ್ಕ್ಯಾನಿಂಗ್ ಯಂತ್ರದ ಹಿಡಿ: ಆಳಕ್ಕೆ ನೋಡಲು ದೊಡ್ಡದು, ಚರ್ಮದ ಹತ್ತಿರ ನೋಡಲು ಚಿಕ್ಕದು. ಜಗಳೂರು, ಹೊನ್ನಾಳಿ ಕಡೆಯಿಂದಲೂ ಬಾಣಂತಿಯರು ಬರುತ್ತಾರೆ.

ಹೊಸದರಲ್ಲಿ ನನ್ನಿಂದ ಒಂದು ತಪ್ಪಾಯಿತು. ಸಿಜೇರಿಯನ್ ಆಗಿ ಎರಡನೇ ದಿನದ ಹೆಣ್ಣುಮಗಳು. ಮುಖ ಬಿಳಿಚಿಕೊಂಡಿತ್ತು, ಹಿಮೋಗ್ಲೋಬಿನ್ 10ರಿಂದ 7ಕ್ಕೆ ಇಳಿದಿತ್ತು, ಆದರೆ ಕೆಳಗೆ ರಕ್ತ ಹೋಗುತ್ತಿರಲಿಲ್ಲ. ನಾನು ದೊಡ್ಡ ಪ್ರೋಬ್ ಇಟ್ಟು ಗರ್ಭಕೋಶ ನೋಡಿದೆ, ಸುತ್ತ ರಕ್ತ ನಿಂತಿಲ್ಲ ಅನ್ನುವುದನ್ನೂ ನೋಡಿದೆ, ನಾರ್ಮಲ್ ಅಂತ ಬರೆದುಬಿಟ್ಟೆ. ಸಂಜೆ ನೋವು ಜಾಸ್ತಿಯಾಗಿ ಸಿಟಿ ಸ್ಕ್ಯಾನ್ ಮಾಡಿಸಿದರು. ರಕ್ತ ಇದ್ದದ್ದು ಹೊಟ್ಟೆಯ ಗೋಡೆಯಲ್ಲಿ! ಹೊಟ್ಟೆಯ ಮುಂಭಾಗದ ರೆಕ್ಟಸ್ ಸ್ನಾಯುವಿನ ಹಿಂದೆ, ಮೂತ್ರಕೋಶದ ಮುಂದೆ, ದೊಡ್ಡದಾಗಿ ಹೆಪ್ಪುಗಟ್ಟಿ ಕೂತಿತ್ತು. ಅಲ್ಲಿ ಜಾಗ ಸಡಿಲ, ತುಂಬಾ ರಕ್ತ ಹಿಡಿಸುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಮತ್ತೆ ಆಪರೇಷನ್ ಮಾಡಿ ತೆಗೆದರು, ಅವಳು ಉಳಿದಳು. ಅರ್ಧ ದಿನ ಹಾಳಾಗಿದ್ದು ಮಾತ್ರ ನನ್ನ ರಿಪೋರ್ಟಿನಿಂದ.

ಈಗ ಪ್ರೋಬ್ ಇಡುವ ಮೊದಲೇ "ಎಲ್ಲಿ ನೋವು, ಬೆರಳಿಟ್ಟು ತೋರಿಸವ್ವಾ" ಅಂತೀನಿ. ಹೊಲಿಗೆಯ ಪಟ್ಟಿ ಬಿಚ್ಚಿಸಿ, ಪ್ರೋಬಿಗೆ ಸ್ಟೆರೈಲ್ ಕವರ್ ಹಾಕಿ, ಮೊದಲು ಚಿಕ್ಕ ಲೀನಿಯರ್ ಪ್ರೋಬಿನಲ್ಲೇ ಗಾಯದ ಉದ್ದಕ್ಕೂ ನೋಡುತ್ತೇನೆ: ಚರ್ಮದ ಕೆಳಗಿನ ಕೊಬ್ಬು, ಸ್ನಾಯು, ಸ್ನಾಯುವಿನ ಹಿಂದೆ. ಹೊಸ ಹೆಪ್ಪು ಕಪ್ಪಾಗಿ ಕಾಣುತ್ತದೆ ಅಂತ ಕಾಯಬೇಡಿ, ಎಷ್ಟೋ ಸಲ ಅದು ಪಕ್ಕದ ಮಾಂಸದ ಹಾಗೇ ಬೂದು ಬಣ್ಣ. ರಕ್ತದ ಓಡಾಟ ತೋರಿಸುವ ಡಾಪ್ಲರ್ ಹಾಕಿದರೆ ಅದರೊಳಗೆ ರಕ್ತದ ಓಡಾಟ ಇರುವುದಿಲ್ಲ.

ಆಮೇಲೆ ದೊಡ್ಡ ಪ್ರೋಬ್. ಮೂತ್ರಕೋಶದಲ್ಲಿ ಸ್ವಲ್ಪ ಮೂತ್ರ ಇದ್ದರೆ ಸಾಕು, ಹೊಲಿಗೆ ಹಸಿ ಇರುವವಳಿಗೆ ಲೀಟರ್‌ಗಟ್ಟಲೆ ನೀರು ಕುಡಿಸಿ ಕೂರಿಸುವುದು ಹಿಂಸೆ ಅಲ್ವಾ. ಗರ್ಭಕೋಶಕ್ಕೂ ಮೂತ್ರಕೋಶಕ್ಕೂ ನಡುವೆ, ಕೊಯ್ದ ಜಾಗದಲ್ಲಿ, ಚಿಕ್ಕ ಹೆಪ್ಪು ಇದ್ದರೆ ಹೆದರುವುದಿಲ್ಲ, ಸುಮಾರು ಜನಕ್ಕೆ ಇರುತ್ತದೆ, ತಾನೇ ಕರಗುತ್ತದೆ. 5 ಸೆಂ.ಮೀ. ದಾಟಿದರೆ ಮಾತ್ರ ಗರ್ಭಕೋಶದ ಹೊಲಿಗೆ ಬಿಟ್ಟಿರಬಹುದಾ ಅಂತ ಹುಡುಕುತ್ತೇನೆ. ಗರ್ಭಕೋಶದೊಳಗೆ ಬೆಳ್ಳಗೆ ಹೊಳೆಯುವ ಗಾಳಿ ಆಪರೇಷನ್ ಆದ ಹೊಸದರಲ್ಲಿ ಇರಬಹುದು. ಅದೊಂದನ್ನೇ ನೋಡಿ ಸೋಂಕು ಅಂತ ಬರೆಯುವುದಿಲ್ಲ, ಜ್ವರ, ವಾಸನೆ ಇದೆಯಾ ಕೇಳುತ್ತೇನೆ.

ಆಂಟಿಬಯಾಟಿಕ್ ಕೊಟ್ಟರೂ ಜ್ವರ ಬಿಡುತ್ತಿಲ್ಲ, ಬಲಗಡೆ ಕೆಳಹೊಟ್ಟೆ ನೋವು ಅಂದರೆ ಅಂಡಾಶಯದ ರಕ್ತನಾಳ ಹೆಪ್ಪುಗಟ್ಟಿದೆಯಾ ಅಂತ ನೋಡಲೇಬೇಕು. ಅದು ಹೆಚ್ಚಾಗಿ ಬಲಗಡೆಯೇ ಆಗುವುದು, ಅಪೆಂಡಿಕ್ಸ್ ಅಂತ ಮೋಸ ಹೋಗುತ್ತೇವೆ. ಕರುಳಿನ ಗಾಳಿ ಅಡ್ಡ ಬಂದು ಸ್ಕ್ಯಾನಿನಲ್ಲಿ ಕಾಣದಿದ್ದರೆ, ಕಾಣಲಿಲ್ಲ ಅಂತಲೇ ಬರೆದು, ಹೆರಿಗೆ ಡಾಕ್ಟರಿಗೆ ನಾನೇ ಫೋನ್ ಮಾಡಿ ಕಾಂಟ್ರಾಸ್ಟ್ ಸಿಟಿ (ರಕ್ತನಾಳ ಎದ್ದು ಕಾಣಲು ಔಷಧಿ ಚುಚ್ಚಿ ಮಾಡುವ ಸಿಟಿ) ಮಾಡಿಸೋಣ ಅಂತೀನಿ.

ಆಗ ಹೊರಗೆ ಕೂಸನ್ನು ಎತ್ತಿಕೊಂಡು ಕೂತ ಅಜ್ಜಿಯದು ಒಂದೇ ಪ್ರಶ್ನೆ: "ಡಾಕ್ಟರಮ್ಮ, ಆ ಔಷಧಿ ಕೊಟ್ಟರೆ ಕೂಸಿಗೆ ಹಾಲು ಬಿಡಿಸಬೇಕಾ?" ಬೇಡ. ತಾಯಿಗೆ ಕೊಟ್ಟ ಕಾಂಟ್ರಾಸ್ಟಿನಲ್ಲಿ ಶೇ. 1ಕ್ಕಿಂತ ಕಡಿಮೆ ಹಾಲಿಗೆ ಬರುತ್ತದೆ, ಅದರಲ್ಲೂ ಕೂಸಿನ ಮೈಗೆ ಹಿಡಿಯುವುದು ತೀರಾ ಕಡಿಮೆ. ಸಿಟಿ ಮುಗಿಸಿ ಬಂದ ತಕ್ಷಣ ಹಾಲು ಕುಡಿಸಿ ಅಂತ ಹೇಳಿ ಕಳಿಸುತ್ತೇನೆ.