ಹೈದರಾಬಾದ್‌ನಿಂದ ದುಬೈ, ಅಮೇರಿಕಾ: ಫ್ಲೈಟ್ ದೂರ, ಟೈಮ್ ನೀವೇ ಲೆಕ್ಕ ಹಾಕ್ರಿ

ನಮ್ಮ ಕಲಬುರಗಿ, ಬೀದರ್, ಯಾದಗಿರಿ ಕಡಿಂದ ಹೊರದೇಶಕ್ಕ ಹೋಗೋ ಮಂದಿ ಬಹಳಷ್ಟು ಹೈದರಾಬಾದ್‌ನ ಶಂಶಾಬಾದ್ ಏರ್‌ಪೋರ್ಟ್‌ನಿಂದನ ಹೋಗ್ತಾರ, ಯಾರೋ ದುಬೈಗೆ ದುಡಿಲಿಕ್ಕ, ಯಾರೋ ಉಮ್ರಾಕ್ಕಂತ ಜೆಡ್ಡಾಕ್ಕ, ಹುಡುಗ್ರು ಓದ್ಲಿಕ್ಕ ಅಮೇರಿಕಾಕ್ಕ. ಮನ್ಯಾಗಿನ ಹಿರಿಯರು "ಎಷ್ಟು ದೂರ ಅದ, ಎಷ್ಟೊತ್ತಿಗೆ ಮುಟ್ತಾನ" ಅಂತ ಕೇಳಿದ್ರ ಏಜೆಂಟ್‌ಗೆ ಫೋನ್ ಹಚ್ಚೋದು ಬ್ಯಾಡ, ಇದು ನಿಮಗೇ ಬರ್ತದ.

ಮೊದಲು ದೂರ. ಕಂಪ್ಯೂಟರ್‌ನ್ಯಾಗ ಗೂಗಲ್ ಮ್ಯಾಪ್ಸ್ ತೆಗೀರಿ, ಹೈದರಾಬಾದ್ ಏರ್‌ಪೋರ್ಟ್ ಮ್ಯಾಲ ರೈಟ್ ಕ್ಲಿಕ್ ಮಾಡಿ ದೂರ ಅಳೆಯೋ ಆಪ್ಷನ್ ಒತ್ರಿ, ಆಮ್ಯಾಲ ಮುಟ್ಟಬೇಕಾದ ಏರ್‌ಪೋರ್ಟ್ ಮ್ಯಾಲ ಕ್ಲಿಕ್ ಮಾಡ್ರಿ, ಆಯ್ತು. ದುಬೈ ಸುಮಾರು 2,550 ಕಿ.ಮೀ., ಜೆಡ್ಡಾ 4,100, ಲಂಡನ್ 7,750, ಸ್ಯಾನ್ ಫ್ರಾನ್ಸಿಸ್ಕೊ 13,500. ಅಮೇರಿಕಾದ ಗೆರಿ ಸೊಟ್ಟಾಗಿ ಉತ್ತರಕ್ಕ ಏರ್ತದ, ಅದು ತಪ್ಪಲ್ಲ, ಭೂಮಿ ಗುಂಡಗ ಅದ ಅಲ್ರಿ, ರಷ್ಯಾದ ಉತ್ತರದ ತುದಿ ಕಡಿಂದ ಹೋಗಿ ಅಲಾಸ್ಕಾ ಕಡಿ ಇಳಿಯೋದೇ ಹತ್ತಿರದ ದಾರಿ. ಆದ್ರ ನಿಮ್ಮ ಟಿಕೆಟ್ ದುಬೈ ಮ್ಯಾಲಿಂದ ಇದ್ರ ಎರಡು ತುಂಡು ಬ್ಯಾರೆ ಬ್ಯಾರೆ ಅಳೀರಿ: 2,550, ಮತ್ತ ಅಲ್ಲಿಂದ 13,000, ಅಂದ್ರ ನೇರ ದಾರಿಗಿಂತ 2,000 ಕಿ.ಮೀ. ಜಾಸ್ತಿ.

ಈಗ ಟೈಮ್. ದೊಡ್ಡ ಜೆಟ್ ವಿಮಾನ ಮ್ಯಾಲ ಏರಿದ ಮ್ಯಾಲ ತಾಸಿಗೆ ಸುಮಾರು 850 ಕಿ.ಮೀ. ಹೋಗ್ತದ. ದೂರಕ್ಕ 850ರಿಂದ ಭಾಗ ಹಾಕಿ, ಏರೋದು ಇಳಿಯೋದು ರನ್‌ವೇ ತನಕ ಉರುಳೋದು ಅಂತ ಅರ್ಧ ತಾಸು ಕೂಡಿಸ್ರಿ. ದುಬೈಗೆ 3 ತಾಸು, ಕೂಡಿಸಿದ್ರ ಮೂರೂವರಿ. ಪಶ್ಚಿಮಕ್ಕ ಹೋಗೋವಾಗ ಎತ್ತರದಾಗ ಗಾಳಿ ಎದುರಿಗೆ ಬರ್ತದ, ಅದಕ್ಕ ಇನ್ನೊಂದರ್ಧ ತಾಸು ಹಿಡೀರಿ, ಬರೋವಾಗ ಅದೇ ಗಾಳಿ ಹಿಂದಿಂದ ದೂಡ್ತದ.

ಮಂದಿ ಬಹಳ ಎಡವೋದು ಇಲ್ಲಿ ನೋಡ್ರಿ. ಟಿಕೆಟ್‌ದಾಗ ಬರ್ದಿರೋದು ಆಯಾ ಊರಿನ ಟೈಮ್. ಹೈದರಾಬಾದ್ ಬಿಡೋದು ನಸುಕಿನ 4, ದುಬೈ ಮುಟ್ಟೋದು 6:30 ಅಂತ ಇದ್ರ ಎರಡೂವರಿ ತಾಸು ಅಂತ ತಿಳ್ಕೋಬ್ಯಾಡ್ರಿ, ದುಬೈ ಗಡಿಯಾರ ನಮಗಿಂತ ಒಂದೂವರಿ ತಾಸು ಹಿಂದ ಅದ, ಅದನ್ನ ಕೂಡಿಸಿದ್ರ 4 ತಾಸು. ವಾಪಸ್ ಬರೋವಾಗ ರಾತ್ರಿ 10ಕ್ಕ ಬಿಟ್ಟು 3ಕ್ಕ ಮುಟ್ಟಿದ್ರ 5 ಅಲ್ಲ, ಒಂದೂವರಿ ಕಳೀರಿ, ಮೂರೂವರಿ. ಜೆಡ್ಡಾ ಎರಡೂವರಿ ತಾಸು ಹಿಂದ. ಕ್ಯಾಲಿಫೋರ್ನಿಯಾ ಮಾತ್ರ ಹುಷಾರಿ, ಥಂಡ್ಯಾಗ ಹದಿಮೂರೂವರಿ ತಾಸು ಹಿಂದ, ಮಾರ್ಚ್ ಎರಡನೇ ರವಿವಾರದಿಂದ ನವೆಂಬರ್ ಮೊದಲ ರವಿವಾರದ ತನಕ ಹನ್ನೆರಡೂವರಿ, ಯಾಕಂದ್ರ ಅವರು ಗಡಿಯಾರನೇ ಒಂದು ತಾಸು ಮುಂದ ಮಾಡ್ತಾರ. ವಿಮಾನ ಬದಲಿಸೋದಿದ್ರ ನಡುವ ಕಾಯೋ ತಾಸೂ ಸೇರಿಸ್ರಿ, ಮನ್ಯಾಗ ಕಾಯೋರಿಗೆ ಅದು ಗೊತ್ತಿರ್ಬೇಕು, ಇಲ್ಲಂದ್ರ ಫೋನ್ ಬರಲಿಲ್ಲ ಅಂತ ರಾತ್ರಿಯೆಲ್ಲ ಗಾಬರಿ ಆಗ್ತಾರ.

ಕೊನಿಗೆ ರೋಡಿನ ಮಾತು. ಕಲಬುರಗಿಂದ ಶಂಶಾಬಾದ್ ಮ್ಯಾಪಿನ ನೇರ ಗೆರಿ ಮ್ಯಾಲ 170 ಕಿ.ಮೀ. ಆಸುಪಾಸು ಅಷ್ಟೇ, ರೋಡಿಗೆ 200 ದಾಟ್ತದ, 5 ತಾಸು ಇಟ್ಕೋರಿ. ಇಂಟರ್‌ನ್ಯಾಷನಲ್ ಫ್ಲೈಟ್‌ಗೆ 3 ತಾಸು ಮೊದಲು ಅಲ್ಲಿರ್ಬೇಕು, ಊಟ, ಚಹಾ, ಟೈರ್ ಪಂಚರ್ ಅಂತ ಇನ್ನೊಂದು ತಾಸು. ಅಂದ್ರ ಶನಿವಾರ ನಸುಕಿನ 4ರ ಫ್ಲೈಟ್ ಇದ್ರ ಶುಕ್ರವಾರ ಸಂಜಿ 7ಕ್ಕ ಸಾಮಾನು ಗಾಡ್ಯಾಗ ಇರ್ಬೇಕ್ರಿ.